ಮಂಗಳವಾರದ ಮೇಲ್

...ಅಯ್ಯೋ, ಅದನ್ನ ಮಾತ್ರ ಡಿಲೀಟ್ ಮಾಡ್ಬೇಡ! ಮೌಸ್ ಬಿಡು. ಬಿಡು ಅಂದ್ನಲ್ಲ! ಹದಿನಾಲ್ಕು ವರ್ಷದ ಮೇಲ್ ಕಣಮ್ಮಾ ಅದು. ಯಾವ ಮಹಡೀಲಿ ಯಾವ ನಲ್ಲಿ ಸೋರ್ತು, ಯಾವ ಬಾಡಿಗೆದಾರ ನನ್ನ ಕೇಳದೆ ಗೋಡೆ ಒಡೆದ, ಎಲ್ಲಾ ಅದರಲ್ಲೇ ಇದೆ. ಐದು ಮಹಡಿ ಕಟ್ಟಡದ ಮೇಲ್ವಿಚಾರಣೆ ಅಂದ್ರೆ ಸುಮ್ನೇನಾ? ನಾಳೆ ಯಾರೋ ಬಂದು ‘ನಾವು ಹೇಳಿದ್ವಿ, ನೀವು ಮಾಡ್ಲಿಲ್ಲ’ ಅಂದ್ರೆ, ತೆಗೆದು ಮುಖಕ್ಕೆ ಹಿಡಿಯೋಕೆ ಏನಾದ್ರೂ ಬೇಡ್ವಾ?

ಯಾಕೆ ನಗ್ತೀಯ? ಹೂಂ, ಗೊತ್ತು ಗೊತ್ತು, ಮೇಲ್ ಜಾಸ್ತಿ ಆದ್ರೆ ಹ್ಯಾಂಗ್ ಆಗುತ್ತೆ. ನಿನಗಿಂತ ಮುಂಚೆ ಕಂಪ್ಯೂಟರ್ ರಿಪೇರಿಗೆ ಬರ್ತಿದ್ದನಲ್ಲ, ಆ ಕನ್ನಡಕದವನು, ಅವನದೂ ಇದೇ ರಾಗ. ‘ಮೇಡಂ, ಹಳೇದು ತೆಗೀರಿ, ಹಳೇದು ತೆಗೀರಿ.’ ನಾನೂ ಹಳಬಳೇ ಕಣಪ್ಪಾ, ನನ್ನನ್ನೂ ತೆಗೆದುಬಿಡು ಅಂತಿದ್ದೆ... ನೀನು ಅಂತ ಕರೀತಿದ್ದೀನಿ, ಬೇಜಾರಿಲ್ಲ ತಾನೇ? ನನ್ನ ಮಗಳ ವಯಸ್ಸು ನಿನಗೆ. ಕುರ್ಚಿ ಮುಂದಕ್ಕೆ ಎಳ್ಕೋ, ಆ ಕಾಲೊಂದು ಅಲ್ಲಾಡುತ್ತೆ, ಹುಷಾರು.

ನೋಡು, ನೋಡು! ನಿನ್ನ ಕಣ್ಣೆದುರಿಗೇ ನಿಂತೋಯ್ತು. ಇದೇ, ಹೀಗೇ! ಸುತ್ತೋ ಚಕ್ರ ಬರುತ್ತೆ, ಪರದೆಯೆಲ್ಲಾ ಬೆಳ್ಳಗಾಗುತ್ತೆ, ಆಮೇಲೆ ಗರ ಬಡಿದ ಹಾಗೆ ಕೂತ್ಬಿಡುತ್ತೆ. ಜಪ್ಪಯ್ಯ ಅಂದ್ರೂ ಕದಲಲ್ಲ. ನಾನೇನು ಸುಳ್ಳು ಹೇಳ್ತೀನಾ? ಬರಕೋ. ಬರಕೋಮ್ಮಾ, ನಾಲ್ಕು ಗಂಟೆಗೆ ವಿಚಾರಣೆಯವರು ಮತ್ತೆ ಬರ್ತಾರೆ, ಅಷ್ಟರೊಳಗೆ ನಿನ್ನ ವರದಿ ಬೇಕಂತೆ. ‘ಮೇಲ್ ಪ್ರೋಗ್ರಾಂ ಪದೇ ಪದೇ ಹ್ಯಾಂಗ್ ಆಗ್ತಿತ್ತು, ಆದ್ದರಿಂದ ಮೇಲ್ವಿಚಾರಕರು ಮೇಲ್ ನೋಡೋಕೆ ಸಾಧ್ಯವಿರಲಿಲ್ಲ.’ ಎರಡು ಸಾಲು. ಅಷ್ಟೇ. ಇದಕ್ಕೆ ಇಷ್ಟು ಹೊತ್ತು ಯಾಕೆ?

ಯಾವ ಮೇಲ್ ಅಂದ್ರೆ? ನಿನಗೆ ಯಾರೂ ಹೇಳ್ಲಿಲ್ವಾ? ಲಿಫ್ಟ್ ತಪಾಸಣೆಯವನದು. ಹೋದ ಮಂಗಳವಾರ ಕಳಿಸಿದ್ದಾನೆ, ಮೂರನೇ ಮಹಡಿ ಬಾಗಿಲಿನ ಚಿಲಕ ಸವೆದಿದೆ, ಲಿಫ್ಟ್ ಅಲ್ಲಿ ಇಲ್ಲದಿದ್ರೂ ಬಾಗಿಲು ತೆರ್ಕೊಳ್ಳುತ್ತೆ, ಸರಿಮಾಡೋ ತನಕ ನಿಲ್ಲಿಸಿ ಅಂತ. ಗುರುವಾರ... ಗುರುವಾರ ನಮ್ಮ ಗಡಿಯಾರ ಬಿದ್ದ.

ಅಯ್ಯೋ, ಗೋಡೆ ಗಡಿಯಾರ ಅಲ್ವೇ! ಲಿಫ್ಟ್ ನಡೆಸೋನು. ಇಪ್ಪತ್ತೊಂದು ವರ್ಷ ಒಂದು ದಿನ ತಡವಾಗಿ ಬಂದವನಲ್ಲ, ಅದಕ್ಕೇ ಕಟ್ಟಡದವರೆಲ್ಲಾ ಗಡಿಯಾರ ಅಂತಲೇ ಕರೆಯೋದು. ಮೂರನೇ ಮಹಡಿ ಹೊಲಿಗೆ ಶಾಲೆಯಲ್ಲಿ ಒಂದು ಯಂತ್ರ ಕೆಳಗಿಳಿಸ್ಬೇಕಿತ್ತು. ಯಂತ್ರ ಹಿಡ್ಕೊಂಡು, ಹಿಂದೆ ಹಿಂದೆ ನಡ್ಕೊಂಡು, ಬೆನ್ನಿನಿಂದಲೇ ಬಾಗಿಲು ತಳ್ಳಿದ. ಲಿಫ್ಟ್ ಕೆಳಗೆ, ಒಂದನೇ ಮಹಡೀಲಿತ್ತು. ಸೊಂಟದ ಮೂಳೆ, ಎಡಗಾಲು... ಜೀವ ಉಳೀತು, ಅಷ್ಟೇ. ಇನ್ನು ನಡೀತಾನೋ ಇಲ್ವೋ ಡಾಕ್ಟರೂ ಬಾಯಿ ಬಿಡ್ತಿಲ್ಲ. ಆಸ್ಪತ್ರೆಗೆ ಹೋಗಿದ್ದೆ. ನನ್ನ ನೋಡಿ, ‘ಅಕ್ಕಾ, ಹೊಲಿಗೆ ಯಂತ್ರ ಏನಾಯ್ತು?’ ಅಂತ ಕೇಳ್ತಾನೆ ಕಣೇ. ಯಂತ್ರ!

ಹಾಗೆ ನೋಡ್ಬೇಡ ನನ್ನ. ನಾನೇನು ಮಾಡ್ಲಿ? ಮೇಲ್ ಓದೋಕೇ ಆಗ್ಲಿಲ್ಲ ಅಂದ್ಮೇಲೆ ಯಾರು ಏನು ಮಾಡೋಕಾಗುತ್ತೆ? ಶುಕ್ರವಾರ ವಿಚಾರಣೆಯವರೇ ಬಂದು ಇದೇ ಪರದೆ ನೋಡಿದ್ರು. ಆ ಮೇಲ್ ದಪ್ಪ ಅಕ್ಷರದಲ್ಲಿತ್ತು. ದಪ್ಪಗಿದ್ರೆ ಓದಿಲ್ಲ ಅಂತ ತಾನೇ? ‘ಇವರು ತೆರೆದೇ ಇಲ್ಲ’ ಅಂತ ಅವರೇ ಅಂದ್ರು. ನಾನಲ್ಲ, ಅವರು! ನಾನು ಮೂರು ಸಲ ನಿಮ್ಮ ಕಂಪ್ಯೂಟರ್ ರಿಪೇರಿಯವರಿಗೆ ದೂರು ಕೊಟ್ಟಿದ್ದೆ, ಅದೂ ಸುಳ್ಳಲ್ಲ. ತಾರೀಕು ಬೇಕಾ? ತಾರೀಕು ಸಮೇತ ಕೊಡ್ತೀನಿ. ಬೇಕಿದ್ರೆ ಆ ಕನ್ನಡಕದವನನ್ನೇ ಕೇಳು. ಅಂದ ಹಾಗೆ ಅವನ್ಯಾಕೆ ಬರ್ಲಿಲ್ಲ ಇವತ್ತು? ಈ ಯಂತ್ರದ ಕರುಳು ಕರುಳೂ ಅವನಿಗೆ ಗೊತ್ತಿತ್ತು.

ಏನು?

ತೆಗೆದೇಬಿಟ್ರಾ? ಯಾವಾಗ? ಸೋಮವಾರ... ಇದಕ್ಕೇನಾ? ನನ್ನ ದೂರು ಹಿಡ್ಕೊಂಡೇನಾ? ಮೂರು ಸಲ ಬಂದ್ರೂ ಸರಿಮಾಡ್ಲಿಲ್ಲ ಅಂತಾನಾ?

ಅಲ್ಲಾ... ಅದು ನಿಮ್ಮ ಕಂಪನಿಯವರ ವಿಷಯ. ನಾನು ಅವನನ್ನ ತೆಗೀರಿ ಅಂತ ಯಾವತ್ತಾದ್ರೂ ಅಂದಿದ್ದೀನಾ? ಹೆಂಡತಿ ಹೆರಿಗೆಗೆ ಹೋಗಿದ್ದಾಳೆ ಅಂತಿದ್ದ ಪಾಪ... ಇರಲಿ. ಒಳ್ಳೆ ಕೆಲಸಗಾರ, ಬೇರೆ ಕಡೆ ಸಿಗುತ್ತೆ. ನೀನು ನಿನ್ನ ಕೆಲಸ ನೋಡು.

ಅದೇನದು ಪೆನ್‌ಡ್ರೈವ್? ಏನು ಹಾಕ್ತಿದ್ದೀಯ? ನೀನು ಸೇಫ್ ಮೋಡ್ ಅಂದೆ, ಮಾಡ್ದೆ. ಬೇಡದ್ದೆಲ್ಲಾ ಆಫ್ ಮಾಡ್ದೆ. ಫೈಲ್ ರಿಪೇರಿ ಅಂದೆ, ಅದಕ್ಕೇ ಒಂದೂವರೆ ಗಂಟೆ ತಿಂದೆ. ಮತ್ತೂ ಹ್ಯಾಂಗ್ ಆಗುತ್ತೆ, ಅಂದ್ರೆ ಪ್ರೋಗ್ರಾಮೇ ಸರಿ ಇಲ್ಲ, ಇನ್ನೇನು ಹುಡುಕೋದು? ಹಾಂ? ಯಾವತ್ತಿನಿಂದ ಇಷ್ಟು ಜಾಸ್ತಿ ಆಗಿದ್ದು ಅಂತಾನಾ? ಮುಂಚೆ ದಿನಕ್ಕೆ ಒಂದು ಸಲ, ಎರಡು ಸಲ. ಈಗ ಮೇಲ್ ಕಳಿಸೋ-ತರಿಸೋ ಬಟನ್ ಒತ್ತಿದಾಗಲೆಲ್ಲಾ. ಹೋದ... ಹೋದ ವಾರದಿಂದ. ವಾರ ಅಂದ್ರೆ ವಾರ! ಯಾವ ದಿನ ಅಂತ ಯಾರು ನೆನಪಿಟ್ಕೋತಾರೆ?

ಔಟ್‌ಬಾಕ್ಸ್ ಖಾಲಿ ಇದೆ, ನಾನೇ ನೋಡಿದ್ದೀನಿ. ಕಾಣದೇ ಇರೋದೂ ಇರುತ್ತಾ? ಏನದು, ಕಾಣದೇ ಇರೋದು? ಒಳಗೇ ಸಿಕ್ಕಿಹಾಕ್ಕೊಂಡು, ಹೊರಗೆ ಹೋಗೋಕಾಗದೆ, ಪ್ರತಿ ಸಲ ಹೋಗೋಕೆ ನೋಡಿ ನೋಡಿ ಇಡೀ ಪ್ರೋಗ್ರಾಂ ನಿಲ್ಲಿಸ್ತಿದೆ ಅಂತೀಯಾ? ಒಂದೇ ಒಂದು ಚೂರು ಮೇಲಾ? ನಾನಂತೂ ಏನೂ ಕಳಿಸಿಲ್ಲಪ್ಪಾ...

ಸಿಕ್ತಾ?

ಏನಿದೆ ಅದರಲ್ಲಿ? ಓದು. ಜೋರಾಗೇ ಓದು, ನನಗೇನು ಭಯ?

ಯಾಕೆ ಪರದೆ ಆ ಕಡೆ ತಿರುಗಿಸ್ದೆ?

ಈ ಕಡೆ ತಿರುಗಿಸು ಪರದೆ, ನನಗೂ ಕಾಣ್ಲಿ. ಕನ್ನಡಕ... ಎಲ್ಲಿಟ್ಟೆ... ಹಾಂ. ‘ಓದಲಾಗಿದೆ.’ ತಪಾಸಣೆಯವನ ಹೆಸರು. ಮಂಗಳವಾರ. ಹತ್ತೂ ಐವತ್ತೆರಡು.

ಅವನು ಕೇಳಿದ್ದನಾ? ಓದಿದ್ರೆ ತಿಳಿಸಿ ಅಂತ? ಅದಕ್ಕೆ ತಾನಾಗೇ ಹೊರಟ ಉತ್ತರನಾ ಇದು? ಪರದೆ ಮೇಲೆ ಏನೋ ಕೇಳೋ ಒಂದು ಡಬ್ಬ ಬಂತು, ‘ಹೌದು’ ಒತ್ತಿದೆ. ಯಾವ ಡಬ್ಬ ಬಂದ್ರೂ ಹೌದು ಒತ್ತೋದೇ ನನ್ನ ಅಭ್ಯಾಸ. ಒತ್ತಿದ ತಕ್ಷಣ ಹ್ಯಾಂಗ್ ಆಯ್ತು, ನಾನು ಸಿಟ್ಟಿಗೆ ಸ್ವಿಚ್ಚೇ ಆರಿಸಿದೆ... ನೋಡು, ಹ್ಯಾಂಗ್ ಆಗಿದ್ದು ನಿಜ ತಾನೇ! ನಿಜಾನೇ ಅಲ್ವಾ ಅದು?

ಸಮಯ ಬರ್ಕೋತಿದ್ದೀಯಾ? ತಡಿ, ಮೊದಲು ಕೇಳು.

ಹೋದ ವರ್ಷ ಇದೇ ತಪಾಸಣೆ ಪುಣ್ಯಾತ್ಮ ಮೇಲ್ ಕಳಿಸಿದ್ದ, ನಾನು ನಾಲ್ಕು ದಿನ ಲಿಫ್ಟ್ ನಿಲ್ಲಿಸಿದೆ. ಕೊನೆಗೆ ನೋಡಿದ್ರೆ ಒಂದು ದೀಪ ಹೋಗಿತ್ತು, ದೀಪ! ಹಲ್ಲಿನ ಡಾಕ್ಟರ್ ಹತ್ರ ಬರೋ ಮುದುಕರೆಲ್ಲಾ ನಾಲ್ಕು ಮಹಡಿ ಹತ್ತಿ ಹತ್ತಿ ನನಗೆ ಶಾಪ ಹಾಕಿದ್ರು. ಮಾಲೀಕರು ಎಲ್ಲರೆದುರು, ಆ ಮೆಟ್ಟಿಲ ಮೇಲೆ ನಿಂತು, ‘ನಿಮಗೆ ದೀಪ ಆರಿದ್ರೂ ಭೂಕಂಪ’ ಅಂದ್ರು. ಜನ ನಕ್ಕರು. ಈ ಸಲ ಶುಕ್ರವಾರ ಅವರು ಐದನೇ ಮಹಡಿ ತೋರಿಸೋಕೆ ದೊಡ್ಡ ಬಾಡಿಗೆದಾರನ್ನ ಕರ್ಕೊಂಡು ಬರೋರಿದ್ರು. ಶುಕ್ರವಾರ ಒಂದು ಕಳೀಲಿ ಅಂದ್ಕೊಂಡೆ. ಸ್ವಿಚ್ ಹಾಕಿ, ಮತ್ತೆ ತೆರೆದು, ಮರೆಯಬಾರದು ಅಂತಲೇ ಅದನ್ನ ಓದಿಲ್ಲ ಅಂತ ಗುರುತು ಮಾಡಿದೆ. ದಪ್ಪ ಅಕ್ಷರ ಇದ್ರೆ ಕಣ್ಣಿಗೆ ಚುಚ್ಚುತ್ತೆ ಅಂತ! ಮುಚ್ಚಿಡೋಕಲ್ಲ. ದೇವರಾಣೆಗೂ ಅವತ್ತು ಮುಚ್ಚಿಡೋಕಲ್ಲ.

ಗಡಿಯಾರನಿಗಾದ್ರೂ ಒಂದು ಮಾತು ಹೇಳ್ಬಹುದಿತ್ತು. ‘ಮೂರನೇ ಮಹಡಿ ಹುಷಾರಪ್ಪಾ’ ಅಂತ. ದಿನಾ ಬೆಳಿಗ್ಗೆ ಈ ಬಾಗಿಲಲ್ಲಿ ತಲೆ ಹಾಕಿ ‘ಬಂದೆ ಅಕ್ಕಾ’ ಅಂತಾನೆ. ಬುಧವಾರವೂ ಹಾಕಿದ. ಗುರುವಾರವೂ...

ಹೇಳ್ಲಿಲ್ಲ. ಹೇಳಿದ್ರೆ ಅವನು ಲಿಫ್ಟ್ ನಿಲ್ಲಿಸಿಬಿಡ್ತಿದ್ದ, ಅದಕ್ಕೇ ಹೇಳ್ಲಿಲ್ಲ.

ಆ ಸಿಕ್ಕಿಹಾಕ್ಕೊಂಡಿರೋ ಮೇಲ್ ಚೂರನ್ನ ಅಳಿಸೋಕಾಗುತ್ತಲ್ವಾ? ಒಂದು ಸಲ ಒತ್ತಿದ್ರೆ ಹೋಗುತ್ತೆ. ಹ್ಯಾಂಗೂ ನಿಲ್ಲುತ್ತೆ, ಎಲ್ಲಾ ಸರಿಹೋಗುತ್ತೆ. ನಿನ್ನ ಕೆಲಸವೇ ಅದು ತಾನೇ, ಸರಿಮಾಡೋದು? ಒತ್ತು.

ಕೈ ಮಡಿಲಲ್ಲಿ ಇಟ್ಕೊಂಡು ಕೂತ್ರೆ? ಬಯ್ಯೋದಾದ್ರೆ ಬಯ್ದುಬಿಡು! ನಾನು ಬಯ್ಗುಳಕ್ಕೆ ಹೆದರೋಳಲ್ಲ, ಮಾಲೀಕರಿಗೂ ಹೆದರೋಳಲ್ಲ, ಇಪ್ಪತ್ತಾರು ವರ್ಷ ಈ ಕಟ್ಟಡವನ್ನ ಹೊತ್ತಿದ್ದೀನಿ. ಹೆದರಿದ್ದು ಒಂದೇ ಒಂದಕ್ಕೆ, ಜನ ನಕ್ಕಿದ್ದಕ್ಕೆ. ಥೂ. ನಗೋದಕ್ಕೆ.

...ಸರಿ. ಏಳು. ಏಳಮ್ಮಾ, ಕುರ್ಚಿ ಕೊಡು. ಅಳಿಸ್ಬೇಡ ಅದನ್ನ, ಹಾಗೇ ಇರಲಿ, ಅವರೇ ಬಂದು ನೋಡ್ಲಿ. ನಿನ್ನ ವರದೀಲಿ ಕಂಡದ್ದನ್ನ ಬರಿ, ಆ ಕನ್ನಡಕದವನದು ಏನೂ ತಪ್ಪಿಲ್ಲ ಅಂತ ಮೊದಲನೇ ಸಾಲಲ್ಲೇ ಬರಿ. ಕೆಳಗೆ ಜಾಗ ಬಿಡು. ಅಲ್ಲಿ ನಾನೇ ಬರೀತೀನಿ: ಮಂಗಳವಾರ ಓದಿದೆ, ಓದಿಯೂ ನಿಲ್ಲಿಸಲಿಲ್ಲ. ಸಹಿ ನನ್ನದೇ. ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸಿ ಬದುಕೋ ಗತಿ ನನಗಿನ್ನೂ ಬಂದಿಲ್ಲ.

ಎಷ್ಟಾಯ್ತು ಈಗ, ಎರಡೂಕಾಲಾ? ಆಸ್ಪತ್ರೆಗೆ ಇಲ್ಲಿಂದ ಇಪ್ಪತ್ತು ನಿಮಿಷ. ವಿಚಾರಣೆಯವರು ಬರೋದ್ರೊಳಗೆ ಹೋಗಿಬರ್ತೀನಿ. ಅವನಿಗೆ ಇದು ಬೇರೆಯವರ ಬಾಯಿಂದ ಗೊತ್ತಾಗ್ಬಾರ್ದು.

ನೀನ್ಯಾಕೆ ಅಳ್ತೀಯ? ಪೆನ್ನು ಕೊಡು.