ದೊಡ್ಡಸಿದ್ದಯ್ಯೋರ ಗಾಡಿಗೆ ಬಳಿದ ತುಕ್ಕು

ಹಲೋ... ಹಲೋ, ಯಾರು ಮಾತಾಡ್ತಿರೋದು? ಲೊಕ್ಕನಹಳ್ಳಿ ಹವಾಲ್ದಾರ್ ದೊಡ್ಡಸಿದ್ದಯ್ಯೋರ ಮನೇನಾ?

...

ಹಾಂ, ಅಮ್ಮ, ನೀವಾ? ಚಿಕ್ಕಬಸಮ್ಮೋರು ಅಲ್ವಾ? ನಾನು ಕೊಳ್ಳೇಗಾಲದಿಂದ ಚೌಡೇಶ ಕಣಮ್ಮ. ರೇಷ್ಮೆ ಮಗ್ಗದ ಚೌಡೇಶ... ಅದೇ, ನಿಮ್ಮ ಮಗಳು, ಹನೂರು ಸ್ಕೂಲಿನ ಪ್ರೇಮಾ ಮೇಡಂ ಏಳುದ್ರು ಅಂತ ಮಿಲಿಟರಿ ಲಾರಿ ಮಾಡಲ್ಲು ಮಾಡ್ಕೊಟ್ನಲ್ಲ, ಗೇಣುದ್ದದ್ದು, ಅವ್ನು.

...

ಇಡ್ಬ್ಯಾಡಿ ಅಮ್ಮ! ಫೋನ್ ಇಡ್ಬ್ಯಾಡಿ. ಬಯ್ರಿ, ಬಯ್ಯೋದಾದ್ರೆ ಬಯ್ರಿ, ಕೇಳುಸ್ಕತೀನಿ... ಯಜಮಾನ್ರು ಅವ್ರಾ?

...

ಮಗಳು ಫೋನ್ ಮಾಡುದ್ರೂ ಎತ್ತಲ್ವಾ? ಹದಿನೈದು ದಿನದಿಂದ್ಲೂವಾ?... ಮನೆಗೆ ಬಂದೋರ್ನ ಬಾಗ್ಲಲ್ಲೇ ವಾಪಸ್ ಕಳ್ಸುದ್ರಾ? ಅಯ್ಯೋ... ಮೇಡಂ ನನಗೆ ಅದ ಏಳ್ನೇ ಇಲ್ಲ ಕಣಮ್ಮ.

...

ಅದ್ಕೇ ಮಾಡ್ದೆ. ಒಂದೈದು ನಿಮಿಷ ಅವ್ರ ಕೈಗೆ ಕೊಡಿ. ಯಾರು ಅಂತ ಏಳೇ ಕೊಡಿ, ಮುಚ್ಚಿಟ್ಟು ಕೊಡ್ಬ್ಯಾಡಿ.

...

ಸಾ, ನಮಸ್ಕಾರ ಸಾ. ಚೌಡೇಶ ಸಾ.

...

ಹೌದು ಸಾ, ಮಾತಾಡಕ್ಕೆ ಮೊಕ ಇಲ್ಲ ನನಗೆ. ಆದ್ರೂ ಮಾಡಿದ್ದೀನಿ. ಸಾ, ಜನವರಿ ಇಪ್ಪತ್ತಾರಕ್ಕೆ ಹನೂರು ಸ್ಕೂಲಲ್ಲಿ ನಿಮ್ಗೆ ಶಾಲು ಹೊದ್ಸಿ ಆ ಗಾಡಿ ಕೈಗೆ ಕೊಟ್ರಲ್ಲ... ನೀವು ಸ್ಟೇಜಿಂದ ಇಳ್ದು ಬಂದು, ನನ್ನ ಗಾಡಿ ಇಂಗಿತ್ತು ಅಂತ ನಿನಗೆ ಯಾರ್ಲಾ ಏಳುದ್ರು ಅಂತ ಕೇಳುದ್ರಲ್ಲ... ಪ್ರೇಮಾ ಮೇಡಂ ಕೊಟ್ಟ ಫೋಟೋದಲ್ಲಿ ಅಂಗೇ ಇತ್ತು ಅಂದೆ ನಾನು. ಅದು ಸುಳ್ಳು ಸಾ.

...

ಹಲೋ? ಸಾ, ಇದ್ದೀರಾ?

...

ಹಾಂ, ಸುಳ್ಳು. ಮೇಡಂದು ಏನೂ ತಪ್ಪಿಲ್ಲ. ಅವ್ರು ಕೊಟ್ಟಿದ್ದು ನಿಮ್ಮದೇ ಫೋಟೋ. ಯಾವ್ದೋ ಗುಡ್ಡದ ಕೆಳಗೆ ಗಾಡಿ ನಿಲ್ಸಿ, ಬಾಗ್ಲು ಹಿಡ್ಕಂಡು ನಿಂತಿದ್ದೀರಿ. ಗಾಡಿ ಮಿನುಗ್ತಾ ಅದೆ ಸಾ. ಬಾನೆಟ್ ಮೇಲೆ ನಿಮ್ಮ ಕೈ ನೆರಳು ಕಾಣ್ತದೆ. ತುಕ್ಕೂ ಇಲ್ಲ, ಕೆಸ್ರೂ ಇಲ್ಲ.

...

ನಾನೇ ಸಾ. ಎಲ್ಲಾ ನಾನೇ ಬಳ್ದಿದ್ದು. ಸ್ಪಂಜಿನ ಚೂರು ಕಂದು ಬಣ್ಣದಲ್ಲಿ ಅದ್ದಿ ಒತ್ತಿ ಒತ್ತಿ ತುಕ್ಕು ಮಾಡ್ದೆ. ಬಣ್ಣದ ಸೀಮೆಸುಣ್ಣ ಪುಡಿ ಮಾಡಿ ಚಕ್ರಕ್ಕೆ ಕೆಸ್ರು ಮೆತ್ತಿದೆ. ಡೀಸೆಲ್ ಟ್ಯಾಂಕಿಂದ ಎಣ್ಣೆ ಸೋರ್ದಂಗೆ ಕರೀ ಗೆರೆ ಇಳಿಸ್ದೆ. ಒಂದು ಬಾಗ್ಲಿಗೆ ಸೂಜಿ ಕಾಯ್ಸಿ ಗುಂಡು ಬಿದ್ದಂಗೆ ತೂತಾನೂ...

...

ಯಾಕೆ ಅಂದ್ರೆ... ಫೋನಲ್ಲಿ ವಿಡಿಯೋ ನೋಡಿ ಕಲಿತಿರೋನು ಸಾ ನಾನು. ಇನ್ನೂ ವರ್ಷ ತುಂಬಿಲ್ಲ. ಇದು ನಾನು ಮಾಡ್ದ ಮೂರನೇ ಗಾಡಿ. ಅದ್ರಲ್ಲಿ ಏಳ್ಕೊಡ್ತಾರೆ, ಒಸಾ ಬಣ್ಣ ಇದ್ರೆ ಆಟದ ಸಾಮಾನಂಗೆ ಕಾಣ್ತದೆ, ಯುದ್ಧಕ್ಕೆ ಓಗಿ ಬಂದಂಗೆ ಹಳೇದು ಮಾಡ್ಬೇಕು ಅಂತ...

...

ಇಲ್ಲ ಸಾ. ಅದೂ ಪೂರ್ತಿ ನಿಜ ಅಲ್ಲ. ನಿಮ್ ಹತ್ರ ಇನ್ನೊಂದ್ಸಲ ಸುಳ್ಳು ಏಳ್ಬಾರ್ದು.

...

ಏಳ್ತೀನಿ. ನನಗೆ ಬಣ್ಣ ನೀಟಾಗಿ ಹಚ್ಚಕ್ಕೆ ಬರಲ್ಲ ಸಾ. ಬ್ರಷ್ಷಿನ ಗೆರೆ ಎದ್ದು ಕಾಣ್ತವೆ. ಅದೂ ಅಲ್ದೆ ಬಾನೆಟ್ಟಿನ ಬಣ್ಣ ಒಣಗೋಕ್ ಮುಂಚೆ ಎತ್ತಿ ನೋಡಕ್ಕೋಗಿ ನನ್ನ ಹೆಬ್ಬೆಟ್ಟು ಊರ್ಕಬುಡ್ತು. ಅಚ್ಚು ಒತ್ತಿದಂಗೆ ಕೂತ್ಕಬುಡ್ತು. ಅದ ಮುಚ್ಚಕ್ಕೆ ಅಂತ ಮೊದಲ್ನೇ ತುಕ್ಕು ಹಾಕ್ದೆ. ಚೆನ್ನಾಗಿ ಕಾಣ್ತು. ಆಮೇಲೆ ಎಲ್ಲೆಲ್ಲಿ ಕೆಟ್ಟಿತ್ತೋ ಅಲ್ಲೆಲ್ಲ ತುಕ್ಕು. ನನ್ನ ಹುಳುಕು ಮುಚ್ಚಕ್ಕೆ ನಿಮ್ಮ ಗಾಡಿ ಗಲೀಜು ಮಾಡ್ದೆ ಸಾ.

...

ಹಾಂ.

...

ಗೊತ್ತು ಸಾ. ಮೈಕಲ್ಲಿ ಹೆಡ್ ಮೇಷ್ಟ್ರು, ನೀವು ಹದಿನೇಳು ವರ್ಷ ಓಡುಸ್ದ ಗಾಡಿ ಅಂತ ಏಳ್ತಾ ಇರೋವಾಗ್ಲೇ, ಮುಂದೆ ಕೂತಿದ್ದೋರು ಯಾರೋ, ಇದ್ಯಾವ ಗುಜರಿಯಿಂದ ತಂದ್ರಪ್ಪ ಅಂದ್ರು. ಎಲ್ರೂ ನಕ್ರು. ನಾನು ಅವ್ರ ಹಿಂದ್ಗಡೆನೇ ಕೂತಿದ್ದೆ. ನೀವು ಗಾಡಿ ತಿರುಗ್ಸಿ ಒಂದ್ಸಲ ನೋಡಿ, ಕುರ್ಚಿ ಮೇಲೆ ಇಟ್ರಿ. ಶಾಲೂ ಅಲ್ಲೇ ಬಿಟ್ಟು ಬಂದ್ರಿ. ಕಣ್ಣು ಮುಚ್ಚುದ್ರೆ ಅದೇ ಬತ್ತದೆ.

...

ದಿನಾ ಬೆಳಿಗ್ಗೆ?... ಆ ಚಳೀಲೂವಾ?... ಬಟ್ಟೆಗೆ ಡೀಸೆಲ್ ಅದ್ಕಂಡು ಬಾನೆಟ್ಟಿಂದ ಚಕ್ರದವರ್ಗೂವಾ?...

ಅಧಿಕಾರಿಗಳು ಬಿಳೀ ಕರ್ಚೀಪಲ್ಲಿ ಒರ್ಸಿ ನೋಡೋರಾ?... ಒಂದ್ಸಲಾನೂ ಕಪ್ಪಾಗ್ಲಿಲ್ಲ. ಹೂಂ ಸಾ... ಹೂಂ...

...

ಅಷ್ಟು ವರ್ಷದಲ್ಲಿ ಒಂದೇ ಕಡೆ ಬಣ್ಣ ಓಗಿತ್ತಾ? ಎಲ್ಲಿ ಸಾ?... ಬಲಗಡೆ ಬಾಗ್ಲಲ್ಲಿ, ಕಿಟಕಿ ಅಂಚು. ನೀವು ಮೊಣಕೈ ಊರ್ತಿದ್ದ ಜಾಗ... ನಾನು ಅಲ್ಲಿ ಬಿಟ್ಟು ಮಿಕ್ಕಿದ್ದ ಕಡೆಗೆಲ್ಲ ಬಳ್ದಿದ್ದೀನಿ ಸಾ.

...

ಮೇಡಮ್ಮಾ? ಅವ್ರು ಯಾಕೆ ಸುಮ್ಕಿದ್ರು ಅಂತಾನಾ? ಅವತ್ತು ನಾನು ಸುಳ್ಳು ಏಳ್ದಾಗ ಅವ್ರು ನನ್ನ ಪಕ್ಕದಲ್ಲೇ ನಿಂತಿದ್ರು ಸಾ. ಆ ಫೋಟೋ ಅವ್ರ ಬ್ಯಾಗಲ್ಲೇ ಇತ್ತು. ತೆಗ್ದು ತೋರುಸ್ಬೋದಿತ್ತು. ಸ್ಕೂಲ್ ಮಕ್ಳು, ಹೆಡ್ ಮೇಷ್ಟ್ರು, ನನ್ನ ಹೆಂಡ್ತಿ ಶ್ವೇತಾನೂ ಅಲ್ಲೇ ಇದ್ಲು. ಅಷ್ಟು ಜನದ ಮುಂದೆ ನನ್ನ ಮರ್ಯಾದಿ ಓಗ್ಬಾರ್ದು ಅಂತ ಬಾಯ್ಬಿಡ್ಲಿಲ್ಲ. ನೀವು ಅವ್ರ್ನ, ಅಪ್ಪನ ಗಾಡಿ ಎಂಗಿತ್ತು ಅಂತ್ಲೂ ಗೊತ್ತಿಲ್ವಲ್ಲ ನಿನಗೆ ಅಂತ ಬಯ್ತಾ ಇದ್ರೆ, ನಾನು ನನ್ನ ಚಪ್ಲಿ ನೋಡ್ಕಂಡು ನಿಂತಿದ್ದೆ.

...

ಇಲ್ಲ ಸಾ, ಆಮೇಲೂ ಬಯ್ಲಿಲ್ಲ. ಓದ್ವಾರ ನಮ್ಮ ಬೀದಿಗೆ ಬಂದಿದ್ರು. ನಾನು ಮಗ್ಗದ ಮೇಲಿದ್ದೆ. ನೀವು ಬಿಟ್ಟೋದ ಗಾಡಿನ ಡಬ್ಬದಲ್ಲಿ ತಂದು ಜಗ್ಲಿ ಮೇಲೆ ಇಟ್ಟು, ನಮ್ಮಪ್ಪನಿಗೆ ಒಂದು ಮಾತು ಏಳಿ ಚೌಡೇಶ್, ಅಷ್ಟೇ ಸಾಕು ಅಂದ್ರು. ನಾಳೆನೇ ಏಳ್ತೀನಿ ಮೇಡಂ ಅಂದೆ... ಆ ನಾಳೆ ಇವತ್ತು ಬಂತು ಸಾ.

...

ಬಯ್ರಿ ಸಾ. ಎಷ್ಟು ಬೇಕಾದ್ರೂ ಬಯ್ರಿ.

...

ಈಗ ಗಾಡಿ ನನ್ ಹತ್ರನೇ ಅದೆ. ತುಕ್ಕೆಲ್ಲ ಕೆರ್ದು ತೆಗ್ದಿದ್ದೀನಿ. ಮತ್ತೆ ಮೊದ್ಲಿಂದ ಬಣ್ಣ ಹಚ್ಚಿ, ಒಂದು ಚುಕ್ಕೆ ಇಲ್ದಂಗೆ ಮಾಡ್ಕೊಡ್ತೀನಿ. ಎಷ್ಟು ದಿನ ಆದ್ರೂ ಸರಿ...

...

ಬ್ಯಾಡ್ವಾ?

...

ಹಾಂ... ನಿಮ್ಗೆ ಏಳ್ದೆ. ಹೌದು, ಫೋನಲ್ಲಿ ಏಳ್ದೆ... ಅಲ್ಲಿ ನಕ್ಕೋರಿಗಾ? ಸ್ಕೂಲಲ್ಲಾ ಸಾ?

...

ಮಕ್ಳು ಪ್ರೇಯರಿಗೆ ನಿಂತಾಗ... ಎಲ್ರ ಮುಂದೆ... ಮೈಕಲ್ಲಾ?

...

ಇಲ್ಲ ಸಾ, ಇಲ್ಲ ಅಂತಿಲ್ಲ. ನನ್ನ ಮಗಳೂ ಹನೂರಲ್ಲಿ ಅಜ್ಜಿ ಮನೇಲಿದ್ಕಂಡು ಅದೇ ಸ್ಕೂಲಿಗೆ ಓಗ್ತಾಳೆ, ಅವ್ಳ ಮುಂದೆ ಎಂಗೆ ಅಂತ ಒಂದು ಗಳಿಗೆ... ಹಾಂ. ಹಾಂ, ನಿಜ. ನಿಮ್ಮ ಮಗಳ್ನ ಎಲ್ರ ಮುಂದೇನೇ ಅಲ್ವಾ ನಾನು ಸಿಕ್ಕಾಕ್ಸಿದ್ದು.

...

ಏಳ್ತೀನಿ ಸಾ. ಸೋಮ್ವಾರ. ಗಾಡಿ ಚೆನ್ನಾಗಿತ್ತು, ಫೋಟೋ ಸರಿಯಾಗಿತ್ತು, ಕೆಡುಸ್ದೋನು ನಾನು ಅಂತ ಏಳ್ತೀನಿ.

...

ಸಾ? ಸೋಮ್ವಾರ ನೀವೂ ಬತ್ತೀರಾ?... ಸಾ? ಏನೋ ಸದ್ದು... ಹಲೋ?

...

ಯಾರು? ಅಮ್ಮಾ? ಯಜಮಾನ್ರು ಎಲ್ಲಿ? ಕ್ವಾಪ ಬಂದು ಫೋನ್ ಇಟ್ಟೋದ್ರಾ?

...

ಮಂಚದ ಮೇಲೆ ಹಾಕ್ಬುಟ್ಟು ಎದ್ರಾ... ಷರಟು ಹಾಕತಾ ಅವ್ರಾ? ಎಲ್ಲಿಗಮ್ಮ, ಈ ಬಿಸ್ಲಲ್ಲಿ?

...

ಹನೂರಿಗಾ? ಮೇಡಂ ಮನೇಗಾ?

...

ಅಳ್ಬ್ಯಾಡಿ ಅಮ್ಮ. ಓಗ್ಲಿ, ಓಗ್ಲಿ ಬುಡಿ. ತಡೀಬ್ಯಾಡಿ. ಬಸ್ಸು ಸಿಕ್ತದಾ ಈಗ?... ಸ್ಟ್ಯಾಂಡ್ ತಾವ ನಿಂತದಾ? ಓಡ್ತಾ ಅವ್ರಾ? ಮಂಡಿ ನೋವು ಅಂತಿದ್ರಲ್ಲ...

...

ಅಮ್ಮ, ಒಂದು ಕೇಳ್ಲಾ? ಓಗೋವಾಗ ನನ್ನ ಬಗ್ಗೆ ಏನಾರ ಅಂದ್ರಾ?

...

ಏನೂ ಅನ್ಲಿಲ್ವಾ.

...

ಒಂದು ಬೈಗುಳಾನೂ ಇಲ್ವಾ... ಸರಿ ಅಮ್ಮ. ಅದು ಸರಿನೇ.

...

ಇಲ್ಲ ಕಣಮ್ಮ, ಸೋಮ್ವಾರದವರ್ಗೂ ಕಾಯೋದು ಬ್ಯಾಡ ಅನ್ಸ್ತದೆ. ಮೇಡಂ ಮುಂದೆ ಇವತ್ತೇ ನಿಂತ್ಕಬೇಕು ನಾನು. ಬೈಕು ಸ್ಟಾರ್ಟ್ ಮಾಡುದ್ರೆ ಮುಕ್ಕಾಲು ಗಂಟೇಲಿ ಹನೂರಲ್ಲಿರ್ತೀನಿ. ಆದ್ರೆ ಅಪ್ಪ ಮಗಳು ಇವತ್ತು ಮಾತಾಡ್ತಾವ್ರೆ, ಮಧ್ಯಕ್ಕೆ ನಾನು ಓದ್ರೆ... ನೀವೇ ಏಳಿ ಅಮ್ಮ, ನಾನು ಬರ್ಬೋದಾ? ಬಾಗ್ಲಾಚೆಗೆ ನಿಂತ್ಕತೀನಿ, ಒಳಕ್ಕೆ ಬರಲ್ಲ. ಅವ್ರು ಕರೀದಿದ್ರೆ ಅಂಗೇ ವಾಪಸ್... ಹಲೋ? ಅಮ್ಮಾ? ಕೇಳುಸ್ತಾ ಅದಾ? ಬರ್ಲಾ, ಬ್ಯಾಡ್ವಾ ಅಂತ ಒಂದು ಮಾತು... ಹಲೋ... ಹಲೋ...