ಬಸರಿ ಮರದ ಕೊಂಬೆ ಕಡಿದೋನು

ಯಾಕೆ ನಗ್ತೀಯ ಸ್ನೇಹಮ್ಮ? ಕೊಕ್ಕರೆ ಗೂಡಿದ್ದ ಕೊಂಬೆ ಚಲುವಯ್ಯನೇ ಕಡಿದಿದ್ದು. ಈ ಗಿಡ್ಡಯ್ಯ ಹೇಳಿದ ಮೇಲೆ ಮುಗೀತು. ಕಾಫಿಗೆ ಬಿಸಿಲು ಬೀಳ್ಲಿ ಅಂತ ವರ್ಷ ವರ್ಷ ನೆರಳು ಮರದ ಕೊಂಬೆ ಸವರ್ತೀವಲ್ಲ, ಮರಗಸಿ, ಅದನ್ನ ನಲವತ್ತು ವರ್ಷ ಮಾಡಿವ್ನಿ. ಒಂದು ಗೂಡು ಕೆಡಿಸಿದ್ದುಂಟಾ? ಹೋಗಿ ಕೇಳು, ಪಾಳ್ಯದಲ್ಲಿ ಯಾರನ್ನಾದರೂ ಕೇಳು.

ಹಂಗ್ಯಾಕೆ ನೋಡ್ತೀಯ, ಸುಳ್ಳು ಅಂತಾನಾ? ಯಸಳೂರು ಕಡೆ ಒಂದು ಗೋಳಿ ಮರ ಹತ್ತಿದ್ದೆ, ಆಗ ನಿಮ್ಮಪ್ಪ ಹುಟ್ಟಿರ್ಲಿಲ್ಲ. ತುದೀಲಿ ನಿಂತ್ರೆ ಮಂಗಳೂರಿನ ಸಮುದ್ರ. ಹಡಗು ಎಣಿಸಿದೆ, ಹದಿನೇಳು. ಕೊನೇದರಲ್ಲಿ ಒಬ್ಬ ಮೀಸೆ ತಿರುವ್ತಾ ನಿಂತಿದ್ದ. ಸಿಳ್ಳೆ ಹಾಕಿದೆ, ಅವನೂ ಕೈ ಎತ್ತಿದ. …ನಗು, ನಗು. ಅಂಥ ಕಣ್ಣು ಇದು.

ಅಂಥೋನಿಗೆ ನಿನ್ನೆ ಮೊನ್ನೆ ಬಂದ, ತೋಟದ ಲೆಕ್ಕ ಬರೆಯೋ ರೈಟರ್ ಏನಂತಾನೆ ಗೊತ್ತಾ? "ಅಜ್ಜ, ಇನ್ನು ಮರ ಹತ್ತಬೇಡ, ನರ್ಸರೀಲಿ ಸಸಿಗೆ ನೀರು ಹಾಕು." ನನಗೆ. ಗಿಡ್ಡಯ್ಯನಿಗೆ ನೀರಿನ ಕೊಡ. ಅವನ ಬಾಯಿಗೆ ಮಣ್ಣು ಹಾಕ.

ಕೊಕ್ಕರೆ ವಿಷಯಕ್ಕೇ ಬತ್ತೀನಿ ತಡಿ. ಮೂರು ವಾರ ಸೊಪ್ಪಿನ ಮರೆಯಲ್ಲಿ ಕೂತು ಫೋಟೋ ತೆಗೆದೆಯಲ್ಲ, ಆ ಮರೆ ಕಟ್ಟಿಕೊಟ್ಟೋನು ಯಾರು? ಗಂಡು ಕಡ್ಡಿ ತಂದುಕೊಡ್ತದೆ, ಹೆಣ್ಣಿಗೆ ಹಿಡಿಸದಿದ್ರೆ ಅವನೆದುರಿಗೇ ಕೆಳಕ್ಕೆ ಬಿಸಾಕ್ತದೆ ಅಂತ ನೀನು ಹೇಳಿದಾಗ, ನನ್ನ ಹೆಂಡ್ತಿ ಹುಲಿಯಮ್ಮನಂಗೇ ಅಂತ ನಕ್ಕೋನು ಯಾರು? ಆ ನಾಲ್ಕು ಮರಿ ಸತ್ತಿದ್ದಕ್ಕೆ ನನಗೆ ಹೊಟ್ಟೆ ಉರಿಯಲ್ವಾ?

ಸಾಹುಕಾರ್ರು ಮಧ್ಯಾಹ್ನಕ್ಕೆ ಬತ್ತಾರೆ. ಗೂಡಿನ ಕೊಂಬೆ ಮುಟ್ಟಿದೋನು ನಾಳೆಯಿಂದ ತೋಟದೊಳಗೆ ಕಾಲಿಡಂಗಿಲ್ಲ ಅಂದವ್ರೆ. ನೀನು ಚಲುವಯ್ಯ ಅಂತ ಒಂದು ಮಾತು ಹೇಳು, ಸಾಕು. ಓದಿದೋಳ ಮಾತು ನಂಬ್ತಾರೆ.

ಅವನಿಗೆ ಹೆಂಡ್ತಿ ಮಕ್ಕಳವ್ರೆ, ಇಲ್ಲ ಅಂದ್ನಾ? ತೋಟದೋರು ಕೊಟ್ಟ ಲೈನ್ ಮನೆ ಬಿಡಬೇಕಾಗ್ತದೆ, ಬಿಡ್ಲಿ. ನಿನ್ನೆ ನೀನು ಆಲೂರಿಗೆ ಹೋಗಿದ್ದೆ, ಕಂಡೋನು ನಾನು. ಸೊಂಟಕ್ಕೆ ಕತ್ತಿ ಸಿಕ್ಕಿಸ್ಕಂಡು ಹತ್ತಿದ. ಸ್ಟೋರ್ ಹತ್ರದಿಂದ ನೋಡಿದೆ. ಅಲ್ಲಿಂದಾನೇ. ನನಗೆ ಅದೊಂದು ದೂರಾನಾ?

ಏನಿದು, ಕ್ಯಾಮರಾ ಯಾಕೆ ಮುಖಕ್ಕೆ ಹಿಡೀತೀಯ? ಫೋಟೋನಾ… ನೋಡಿದೆ ಬುಡು. ಸರಿ ನೋಡ್ತೀನಿ, ಕೊಡು. ಹೂಂ, ಕಾಣ್ತದೆ, ಯಾಕೆ ಕಾಣಲ್ಲ? ಕೊಕ್ಕರೆ. ಬೂದು ಕೊಕ್ಕರೆ, ತಾಯಿ. ಕೊಂಬೆ ಮೇಲೆ ಬಗ್ಗಿ ಮರಿಗೆ ಮೀನು ಕೊಡ್ತಾ ಐತೆ. ಕತ್ತು ನೋಡು ಹೆಂಗೆ ಚಾಚೈತೆ. ಪಾಪ… ಚೆನ್ನಾಗಿ ತೆಗ್ದಿದ್ದೀಯ ಕಣವ್ವ.

ಏನು?

ಮರಿ ಕಾಣಲ್ವಾ ಅದರಲ್ಲಿ? ಮರಿ ಇಲ್ದಿದ್ರೆ ಇಲ್ಲ, ಕೊಕ್ಕರೆ ಐತಲ್ಲ. ಈ ಬೂದು ಬಣ್ಣದ್ದು ಮತ್ತೇನು… ಬೆರಳಿಟ್ಟು ಏನು ತೋರಿಸ್ತೀಯ ಸ್ನೇಹಮ್ಮ, ಕತ್ತೀನಾ?

ನೀನು ಊರಲ್ಲೇ ಇರ್ಲಿಲ್ವಲ್ಲ ನಿನ್ನೆ. ಎದುರಿನ ಮರಕ್ಕೆ ಕಟ್ಟಿಹೋಗಿದ್ಯಾ ಇದನ್ನ? ತಾನೇ ತೆಗೀತದಾ?

…ಈ ಬೂದು ನನ್ನ ಅಂಗಿ.

ಕೊಂಬೆ ಕೆಳಕ್ಕೆ ಬೀಳೋವರೆಗೂ ಗೂಡು ಅದರಲ್ಲೇ ಐತೆ ಅಂತ ನನಗೆ ಕಾಣ್ಲಿಲ್ಲ ಕಣವ್ವ. ಬಿದ್ದ ಮೇಲೆ ಏನೋ ಸದ್ದು. ಇಳಿದು ಬಂದೆ. ಕಾಫಿ ಗಿಡದ ಬುಡದಲ್ಲಿ ಕೂತು ಕೈಯಲ್ಲಿ ತಡವಿದೆ, ಸುತ್ತಾ ತಡವಿದೆ. ಒಂದು ಸಿಕ್ತು. ಇನ್ನೂ ಬೆಚ್ಚಗಿತ್ತು.