ಎಷ್ಟನೇ ಬಸುರು

ಬಸ್‌ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಕೇಳಬಾರದಿತ್ತು, ಆದರೆ ಕಿವಿಗೆ ಬಾಗಿಲಿಲ್ಲ.

“ಹೆರಿಗೆ ಆಸ್ಪತ್ರೆ ನರ್ಸಿಗೆ ಈಗಲೇ ಫೋನ್ ಮಾಡಮ್ಮ. ಯಾವತ್ತು ಬರ್ಬೇಕು ಕೇಳು.”

“ಎರಡು ತಿಂಗಳೂ ತುಂಬಿಲ್ಲ, ಅತ್ತೆ. ಮೂರಾಗೋವರೆಗೆ ಬಾಯಿ ಬಿಡಬೇಡ, ದೃಷ್ಟಿಯಾಗುತ್ತೆ ಅಂತ ಹೋದ ಸಲ ನೀವೇ ಅಂದಿದ್ರಿ.”

“ಅಂದಿದ್ದೆ. ಹೊಟ್ಟೆನೋವು ಅಂದಾಗಲೂ ಸುಮ್ನಿರು ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ!”

“ಹೋಗ್ಲಿ ಬಿಡಿ.”

ಸೊಸೆ ಫೋನ್ ಮಾಡಿ ಹೆಸರು, ವಯಸ್ಸು ಹೇಳಿದಳು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದಳು.

“ಎಷ್ಟನೇ ಬಸುರು ಅಂತ ಕೇಳ್ತಿದಾರೆ. ಮೊದಲನೇದು ಅನ್ಲಾ? ಹೋಗಿದ್ದನ್ನ ಎಣಿಸಬಾರದು ಅಂದಿದ್ರಲ್ಲ.”

ಬಸ್ಸು ಬಂತು. ಅತ್ತೆ ಸೊಸೆಯ ಚೀಲವನ್ನೂ ತಾವೇ ಎತ್ತಿಕೊಂಡು ಹತ್ತಿದರು. ಮೆಟ್ಟಿಲ ಮೇಲೆ ನಿಂತು ತಿರುಗಿದರು.

“ಎರಡನೇದು ಅನ್ನಮ್ಮ. ಅದೂ ನಮ್ಮ ಮಗುನೇ.”